ಊರು ಸೇರುವ ಮೊದಲು ಬೆಟ್ಟದ ಮೇಲೆ ನಾಲ್ಕು ದಿನ

ತಿಂಗಳುಗಟ್ಟಲೆ ಊರೂರು ತಿರುಗಿದವರು ಮನೆಯ ದಾರಿ ಹಿಡಿಯುವ ಮುಂಚೆ ಯಾವುದಾದರೂ ಬೆಟ್ಟದೂರಿನಲ್ಲಿ ಸುಮ್ಮನೆ ಉಳಿದುಬಿಡುವುದುಂಟು. ಅಲ್ಲಿ ಅವರ ಕೈಯಲ್ಲಿ ನೋಡಲೇಬೇಕಾದ ಜಾಗಗಳ ಪಟ್ಟಿ ಇರುವುದಿಲ್ಲ. ತಡವಾಗಿ ಏಳುತ್ತಾರೆ, ದಿನವೂ ಅದೇ ರಸ್ತೆಯಲ್ಲಿ ಅಡ್ಡಾಡುತ್ತಾರೆ, ಬಟ್ಟೆ ಒಗೆದು ಹರವುತ್ತಾರೆ, ಮಧ್ಯಾಹ್ನ ಮಲಗುತ್ತಾರೆ. ಪ್ರವಾಸಕಥನಗಳು ಈ ದಿನಗಳನ್ನು ಎರಡೇ ಸಾಲಿನಲ್ಲಿ ದಾಟಿಸುತ್ತವೆ. ಖರ್ಚಿನ ಲೆಕ್ಕ ಹಾಕುವ ಮನೆಮಂದಿಗೆ ಇವು ದಂಡದ ದಿನಗಳು. ಎಲ್ಲ ನೋಡಿ ಆಯಿತಲ್ಲ, ಇನ್ನೂ ಅಲ್ಲೇಕೆ ಕೂತಿದ್ದೀರಿ ಎಂದು ಫೋನಿನಲ್ಲಿ ಕೇಳುತ್ತಾರೆ. ನನಗೆ ಅನ್ನಿಸುವುದು ಬೇರೆ. ದೀರ್ಘ ಪ್ರಯಾಣದಲ್ಲಿ ಕಂಡದ್ದು, ಕೇಳಿದ್ದು, ಪಟ್ಟ ಪಾಡು ಇವೆಲ್ಲ ಒಬ್ಬ ಮನುಷ್ಯನ ತಿಳಿವಳಿಕೆಯಾಗಿ ಕೂಡಿಕೊಳ್ಳಲು ಕಾಲ ಬೇಕು. ಆ ಕಾಲ ದಾರಿಯಲ್ಲಿ ಸಿಗುವುದಿಲ್ಲ, ಮನೆಗೆ ಹೋದ ಮೇಲೂ ಸಿಗುವುದಿಲ್ಲ. ಕೊಯ್ದ ಭತ್ತವನ್ನು ಕೂಡಲೇ ಬಡಿಯದೆ ಮೆದೆ ಹಾಕಿ ಕೆಲವು ದಿನ ಬಿಡುವ ಹಾಗೆ, ಪ್ರಯಾಣಕ್ಕೂ ಕೊನೆಯಲ್ಲಿ ಒಂದು ನಿಲುಗಡೆ ಬೇಕು. ಇದನ್ನು ತೋರಿಸಲು ಡಾರ್ಜಿಲಿಂಗ್‌ಗಿಂತ ಒಳ್ಳೆಯ ಊರು ನಮ್ಮ ದೇಶದಲ್ಲಿ ನನಗೆ ಕಾಣುವುದಿಲ್ಲ. ಎಷ್ಟೋ ದೊಡ್ಡ ಪ್ರಯಾಣಗಳು ಅಲ್ಲಿಗೆ ಬಂದು ನಿಂತಿವೆ, ಅವುಗಳಿಂದ ಏನು ಹುಟ್ಟಿತು ಎಂಬುದಕ್ಕೆ ದಾಖಲೆಯೂ ಇದೆ.

ಮೊದಲು ವಿವೇಕಾನಂದರನ್ನು ನೋಡೋಣ. ಅವರ ಪ್ರಯಾಣ ಷಿಕಾಗೊದಿಂದ ಶುರುವಾದದ್ದಲ್ಲ. ಅದಕ್ಕೂ ಮುಂಚೆ ಪರಿವ್ರಾಜಕರಾಗಿ ದೇಶ ಸುತ್ತುತ್ತ 1892ರಲ್ಲಿ ಬೆಂಗಳೂರಿಗೆ, ಮೈಸೂರಿಗೆ ಬಂದಿದ್ದರು. ದಿವಾನ ಶೇಷಾದ್ರಿ ಅಯ್ಯರ್ ಅವರ ಪರಿಚಯದಿಂದ ಚಾಮರಾಜ ಒಡೆಯರ ಸ್ನೇಹವಾಯಿತು, ಅರಮನೆಯ ನೆರವೂ ದೊರೆಯಿತು. 1893ರ ಮೇ 31ರಂದು ಮುಂಬಯಿಯಲ್ಲಿ ಹಡಗು ಹತ್ತಿದವರು ಮತ್ತೆ ನಮ್ಮ ಕಡೆಯ ನೆಲ ಮುಟ್ಟಿದ್ದು 1897ರ ಜನವರಿ 15ರಂದು, ಕೊಲಂಬೊದಲ್ಲಿ. ಅಲ್ಲಿಂದ ಜಾಫ್ನಾ, ರಾಮೇಶ್ವರ, ಮದುರೆ, ಕುಂಭಕೋಣ, ಮದರಾಸು ದಾಟಿ ಕಲ್ಕತ್ತದವರೆಗೆ ಬಿನ್ನವತ್ತಳೆ, ಮೆರವಣಿಗೆ, ಭಾಷಣ. ದೇಹ ಸೋತಿತ್ತು, ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತ್ತು. ವೈದ್ಯರ ಮಾತಿಗೆ ಕಟ್ಟುಬಿದ್ದು ಮಾರ್ಚ್‌ನಲ್ಲಿ ಡಾರ್ಜಿಲಿಂಗ್ ಹತ್ತಿದರು. ನಡುವೆ ಒಮ್ಮೆ ಕಲ್ಕತ್ತಕ್ಕೆ ಇಳಿದು ಬಂದದ್ದು ಬಿಟ್ಟರೆ ಏಪ್ರಿಲ್ ಕೊನೆಯವರೆಗೂ ಅವರು ಇದ್ದದ್ದು ಅಲ್ಲೇ. ಬೆಟ್ಟದಿಂದ ಇಳಿದು ಬಂದ ಕೆಲವೇ ದಿನಕ್ಕೆ, ಮೇ 1ರಂದು, ಬಲರಾಮ ಬೋಸರ ಮನೆಯಲ್ಲಿ ಸೇರಿದ ಸಭೆಯಲ್ಲಿ ರಾಮಕೃಷ್ಣ ಮಿಷನ್ ಹುಟ್ಟಿತು. ಅದಾದ ವಾರದೊಳಗೆ ಮತ್ತೆ ವಿಶ್ರಾಂತಿಗೆಂದು ಆಲ್ಮೋರದ ದಾರಿ ಹಿಡಿದರು. ಡಾರ್ಜಿಲಿಂಗಿನ ತಂಪೇ ಮಿಷನ್ನಿಗೆ ಕಾರಣ ಎಂದು ನಾನು ಹೇಳುತ್ತಿಲ್ಲ. ಸಂಘ ಕಟ್ಟುವ ಯೋಚನೆ ಅವರಿಗೆ ಅಮೆರಿಕದಲ್ಲಿದ್ದಾಗಲೇ ಇತ್ತು. ಆದರೆ ಯೋಚನೆ ಇರುವುದಕ್ಕೂ ಅದನ್ನು ನಾಲ್ಕು ಜನರ ಮುಂದಿಟ್ಟು ನಿಯಮ ರೂಪಿಸುವುದಕ್ಕೂ ನಡುವೆ ಒಂದು ದೂರವಿದೆ. ಮೆರವಣಿಗೆಯ ರಥದ ಮೇಲೆ ನಿಂತು ಆ ದೂರವನ್ನು ದಾಟಲಾಗದು. ಹಿಂದಿನ ವರ್ಷವೂ ಹೀಗೇ ಆಗಿತ್ತು. ಲಂಡನ್ನಿನ ಕೆಲಸದಿಂದ ದಣಿದು 1896ರ ಬೇಸಿಗೆಯಲ್ಲಿ ಶಿಷ್ಯರಾದ ಸೇವಿಯರ್ ದಂಪತಿಯ ಜತೆ ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಹಳ್ಳಿಗಳಲ್ಲಿ ತಂಗಿದಾಗಲೇ ಹಿಮಾಲಯದಲ್ಲೊಂದು ಆಶ್ರಮದ ಮಾತು ಬಲಿತದ್ದು. 1899ರಲ್ಲಿ ಅದು ಮಾಯಾವತಿಯ ಅದ್ವೈತ ಆಶ್ರಮವಾಯಿತು. ಒಂದು ಸಲ ನಡೆದರೆ ಕಾಕತಾಳೀಯ ಎನ್ನಬಹುದು. ಎರಡನೆಯ ಸಲವೂ ನಡೆದಾಗ ಸ್ವಲ್ಪ ನಿಂತು ಯೋಚಿಸಬೇಕಾಗುತ್ತದೆ.

ರಷ್ಯದ ಚಿತ್ರಕಾರ ನಿಕೋಲಸ್ ರೋರಿಚ್ ಅವರ ಪ್ರಸಂಗ ಇನ್ನೂ ಕಠಿಣವಾದದ್ದು. ಹೆಂಡತಿ ಹೆಲೆನಾ, ಹಿರಿಯ ಮಗ ಯೂರಿ ಜತೆ 1925ರಲ್ಲಿ ಹೊರಟವರು ಲಡಾಖ್, ಖೋತಾನ್, ಕಾಶ್ಗರ್, ಅಲ್ಟಾಯ್, ಮಂಗೋಲಿಯ ಬಳಸಿ ಟಿಬೆಟ್ಟಿಗೆ ಬಂದರು. 1927ರ ಕೊನೆಯಲ್ಲಿ ಅಲ್ಲಿನ ಅಧಿಕಾರಿಗಳು ಇವರನ್ನು ಛಾಂಗ್‌ಥಾಂಗ್ ಪ್ರಸ್ಥಭೂಮಿಯಲ್ಲಿ ತಡೆದರು. ಮುಂದೆ ಹೋಗಲು ಅಪ್ಪಣೆಯಿಲ್ಲ, ಹಿಂದಿರುಗಲೂ ಅಪ್ಪಣೆಯಿಲ್ಲ. ಬೇಸಿಗೆಯ ಗುಡಾರಗಳಲ್ಲಿ ಚಳಿಗಾಲದ ಐದು ತಿಂಗಳು ಕಳೆಯಬೇಕಾಯಿತು. ಗುಂಪಿನ ಐವರು ಸತ್ತರು, ಸುಮಾರು 90 ಪ್ರಾಣಿಗಳು ಸತ್ತವು. 1928ರ ಮೇ ತಿಂಗಳಲ್ಲಿ ಸಿಕ್ಕಿಂ ಮೂಲಕ ಇಳಿದು, ಯಾತ್ರೆಗೆ ಮುಂಚೆ ತಾವಿದ್ದ ಡಾರ್ಜಿಲಿಂಗಿಗೇ ಬಂದು ನಿಂತರು. ಅಲ್ಲಿಂದ ನೇರ ನ್ಯೂಯಾರ್ಕಿಗೆ ಹೋಗಿದ್ದರೆ ಆಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗುತ್ತಿತ್ತು. ಅವರು ಹೋಗಲಿಲ್ಲ. ಆ ಮಳೆಗಾಲವನ್ನು ಬೆಟ್ಟದ ಮೇಲೆ ಕಳೆದರು. ದಾರಿಯಲ್ಲಿ ಕೂಡಿಹಾಕಿದ್ದನ್ನು ವಿಂಗಡಿಸಿ ಅಧ್ಯಯನ ಮಾಡಲು ಜುಲೈ 24ರಂದು ಅಲ್ಲಿಯೇ ಉರುಸ್ವತಿ ಎಂಬ ಹಿಮಾಲಯ ಸಂಶೋಧನ ಸಂಸ್ಥೆಯನ್ನು ಶುರುಮಾಡಿದರು. ಸಂಸ್ಥೆ ಆಮೇಲೆ ಕುಲ್ಲು ಕಣಿವೆಯ ನಗ್ಗರ್‌ಗೆ ಹೋಯಿತು. ‘ಅಲ್ಟಾಯ್–ಹಿಮಾಲಯ’ ಪುಸ್ತಕ 1929ರಲ್ಲಿ ಬಂತು, ಯೂರಿಯ ದಪ್ಪ ಗ್ರಂಥ 1931ರಲ್ಲಿ. ನಿಕೋಲಸ್ 1947ರಲ್ಲಿ ನಗ್ಗರ್‌ನಲ್ಲೇ ತೀರಿಕೊಂಡರು. ಆ ಯಾತ್ರೆಯಲ್ಲಿ ಇಲ್ಲದಿದ್ದ ಕಿರಿಯ ಮಗ ಸ್ವೆತೊಸ್ಲಾವ್, ನಟಿ ದೇವಿಕಾರಾಣಿಯನ್ನು ಮದುವೆಯಾಗಿ ಮುಂದೆ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಸಿದ್ದು, ಚಿತ್ರಕಲಾ ಪರಿಷತ್ತಿಗೆ ಆಸರೆಯಾದದ್ದು ನಮಗೆಲ್ಲ ಗೊತ್ತಿರುವ ಕಥೆ. ಪರಿಷತ್ತಿನ ಗ್ಯಾಲರಿಯಲ್ಲಿ ರೋರಿಚ್‌ ಅವರ ಹಿಮಾಲಯದ ಚಿತ್ರಗಳ ಮುಂದೆ ನಿಲ್ಲುವವರು ಇದನ್ನೂ ನೆನೆಯಬೇಕು: ಅಷ್ಟು ಸಾವುನೋವು ಕಂಡು ಬಂದ ಮನಸ್ಸಿನಿಂದ ಇಷ್ಟು ಶಾಂತವಾದ ಬಣ್ಣಗಳು ಹೊರಬರಬೇಕಾದರೆ ನಡುವೆ ಒಂದು ತಂಗುದಾಣ ಇದ್ದಿರಲೇಬೇಕು.

ಡಾರ್ಜಿಲಿಂಗ್ ಹುಟ್ಟಿದ್ದೇ ವಿಶ್ರಾಂತಿಗಾಗಿ. 1835ರ ಫೆಬ್ರವರಿಯಲ್ಲಿ ಸಿಕ್ಕಿಂ ದೊರೆಯಿಂದ ಈಸ್ಟ್ ಇಂಡಿಯಾ ಕಂಪನಿ ಈ ಗುಡ್ಡವನ್ನು ಪಡೆದದ್ದು ಕಾಯಿಲೆ ಬಿದ್ದ ತನ್ನ ನೌಕರರಿಗೆ ಆರೋಗ್ಯಧಾಮ ಕಟ್ಟಲೆಂದು. ಊರು ಇರುವುದು ಸುಮಾರು 2,040 ಮೀಟರ್ ಎತ್ತರದಲ್ಲಿ. ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಂತೆ ಗಾಳಿ ತಣ್ಣಗಾಗುತ್ತದೆ. ಹಾಗಾಗಿ ಸಿಲಿಗುರಿಯಲ್ಲಿ ಬೆವರು ಸುರಿಯುವ ದಿನ ಇಲ್ಲಿ ಸ್ವೆಟರ್ ಬೇಕು. ಎತ್ತರ ಪ್ರದೇಶದ ಕಾಯಿಲೆ ಸಾಮಾನ್ಯವಾಗಿ ಕಾಡುವುದು 2,500 ಮೀಟರಿನ ಮೇಲೆ. ಅಂದರೆ ಚಳಿ ಇದೆ, ತಲೆನೋವಿಲ್ಲ, ನಿದ್ದೆ ಬರುತ್ತದೆ. ಸಿಕ್ಕಿಂ, ನೇಪಾಳದ ಎತ್ತರಗಳಿಂದ ಇಳಿದು ಬಂದವರಿಗಂತೂ ಇಲ್ಲಿ ಉಸಿರಾಡುವುದೇ ಒಂದು ಸುಖ. ಚೌರಸ್ತಾದಲ್ಲಿ ವಾಹನಗಳಿಲ್ಲ, ಅಲ್ಲಿಂದ ಹೊರಟ ಮಾಲ್ ರಸ್ತೆ ಮಹಾಕಾಲ ಗುಡಿಯ ಗುಡ್ಡವನ್ನು ಬಳಸಿ ತಿರುಗಿ ಚೌರಸ್ತಾಕ್ಕೇ ಬರುತ್ತದೆ. ಎಷ್ಟು ಸುತ್ತು ಹಾಕಿದರೂ ಎಲ್ಲಿಗೂ ಹೋಗಿ ಮುಟ್ಟಬೇಕಿಲ್ಲ. ಕಾಂಚನಜುಂಗಾ ಬೇಕೆಂದಾಗ ಕಾಣುವುದಿಲ್ಲ, ಮೋಡ ಸರಿದಾಗ ಕಾಣುತ್ತದೆ. ತಿಂಗಳುಗಟ್ಟಲೆ ವೇಳಾಪಟ್ಟಿಯ ಹಿಂದೆ ಓಡಿದವರು ಇಲ್ಲಿ ಬೆಟ್ಟದ ವೇಳೆಗೆ ಹೊಂದಿಕೊಳ್ಳುತ್ತಾರೆ. ಸಮುದ್ರ ತೀರದಲ್ಲಿ ಇದಾಗದೆ ಎಂದರೆ, ಕೆಲವರಿಗೆ ಆಗಬಹುದು. ನಮ್ಮ ದೇಶದ ಕಡಲ ಊರುಗಳ ಸೆಕೆ ಮಾತ್ರ ದಣಿದ ಮೈಗೆ ಒಗ್ಗುವಂಥದ್ದಲ್ಲ. ದೂರ ಹೋಗಿ ಬಂದು ಈ ಬೆಟ್ಟದ ಮೇಲೆ ನಿಂತವರು ಇನ್ನೂ ಇದ್ದಾರೆ. ವಿದ್ವಾಂಸ ಶರತ್‌ಚಂದ್ರ ದಾಸ್ 1879ರಲ್ಲಿ ಒಮ್ಮೆ, 1881–82ರಲ್ಲಿ ಮತ್ತೊಮ್ಮೆ ಟಿಬೆಟ್ಟಿಗೆ ಹೋಗಿ ಬಂದು, ಡಾರ್ಜಿಲಿಂಗಿನಲ್ಲಿ ‘ಲ್ಹಾಸಾ ವಿಲ್ಲಾ’ ಎಂದು ಮನೆಗೆ ಹೆಸರಿಟ್ಟು ಕೂತು ದುಡಿದದ್ದರಿಂದಲೇ 1902ರ ಟಿಬೆಟನ್–ಇಂಗ್ಲಿಷ್ ನಿಘಂಟು ನಮಗೆ ದಕ್ಕಿತು. ಜಪಾನಿನ ಸನ್ಯಾಸಿ ಏಕಾಯ್ ಕವಾಗುಚಿ ಗುಟ್ಟಾಗಿ ಲ್ಹಾಸಾದಲ್ಲಿದ್ದು, ಗುಟ್ಟು ಬಯಲಾಗುವ ಹೊತ್ತಿಗೆ ತಪ್ಪಿಸಿಕೊಂಡು 1902ರಲ್ಲಿ ಬಂದು ಸೇರಿದ್ದು ಇದೇ ದಾಸ್ ಅವರ ಆಶ್ರಯಕ್ಕೆ.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ. ದಣಿದವರಿಗೆ ಮನೆಗಿಂತ ತಂಪಾದ ಜಾಗ ಯಾವುದಿದೆ? ಅಮ್ಮನ ಕೈಯಡುಗೆ, ಸ್ವಂತ ಹಾಸಿಗೆ, ಕನ್ನಡದ ಮಾತು ಇವೆಲ್ಲ ಬಿಟ್ಟು ಪರ ಊರಿನ ಲಾಡ್ಜಿನಲ್ಲಿ ಮಲಗುವುದು ಎಂಥ ವಿಶ್ರಾಂತಿ? ಮಾತು ಗಟ್ಟಿಯಾದದ್ದೇ. ಆದರೆ ಬಹಳ ದಿನದ ಮೇಲೆ ಬಂದವರಿಗೆ ಮನೆ ಮೊದಲು ಕೊಡುವುದು ಕೆಲಸ. ಕಟ್ಟದ ಬಿಲ್ಲುಗಳು, ತಪ್ಪಿಹೋದ ಮದುವೆ ಮುಂಜಿಗಳ ಮುನಿಸು, ನೋಡಲು ಬರುವ ನೆಂಟರು, ಸೋಮವಾರದ ಆಫೀಸು. ಹೇಗಿತ್ತು ಎಂದು ಎಲ್ಲರೂ ಕೇಳುತ್ತಾರೆ, ಉತ್ತರಕ್ಕೆ ಎರಡು ನಿಮಿಷ ಕೊಡುತ್ತಾರೆ. ಆ ಎರಡು ನಿಮಿಷದ ಉತ್ತರವೇ ನಾಲ್ಕಾರು ಸಲ ಹೇಳಿ ಹೇಳಿ ಗಟ್ಟಿಯಾಗಿ, ಕೊನೆಗೆ ನೆನಪಿನಲ್ಲಿ ಉಳಿಯುವುದೂ ಅಷ್ಟೇ ಆಗಿಬಿಡುತ್ತದೆ. ವಿದೇಶದಲ್ಲಿದ್ದು ಮರಳಿದವರಿಗೆ ಸ್ವಂತ ಊರಿಗೆ ಹೊಂದಿಕೊಳ್ಳುವುದೂ ಹೊಸ ದೇಶಕ್ಕೆ ಹೊಂದಿಕೊಂಡಷ್ಟೇ ಕಷ್ಟ ಎಂದು ಅಮೆರಿಕದ ಗಲಾಹಾರ್ನ್ ದಂಪತಿ 1963ರಲ್ಲೇ ಬರೆದರು. ನಮ್ಮ ಹಿರಿಯರಿಗೂ ಇದು ಗೊತ್ತಿತ್ತು. ಕಾಶಿಗೆ ಹೋಗಿ ಬಂದವರು ಗಂಗಾ ಸಮಾರಾಧನೆ ಮಾಡಿದ ಮೇಲೆಯೇ ಯಾತ್ರೆ ಮುಗಿಯಿತೆಂದು ಲೆಕ್ಕ. ಸಂಚಾರವೇ ಧರ್ಮವಾದ ಯತಿಗಳಿಗೂ ಜೈನ ಮುನಿಗಳಿಗೂ ಚಾತುರ್ಮಾಸ್ಯದಲ್ಲಿ ಒಂದೆಡೆ ನಿಲ್ಲುವುದು ಕಡ್ಡಾಯ. ಮತ್ತೊಂದು ಸಂಗತಿ: ಹಿಂದೆ ಮರಳುವ ದಾರಿಯೇ ಉದ್ದವಾಗಿತ್ತು. ವಿವೇಕಾನಂದರು ನೇಪಲ್ಸ್ ಬಿಟ್ಟದ್ದು 1896ರ ಡಿಸೆಂಬರ್ 30ರಂದು. ಕೊಲಂಬೊ ಮುಟ್ಟಲು ಎರಡು ವಾರಕ್ಕೂ ಹೆಚ್ಚು ದಿನ ಹಡಗಿನಲ್ಲಿ ಸುಮ್ಮನೆ ಕೂತಿರಬೇಕಾಯಿತು. ಈಗ ಬಾಗ್‌ಡೋಗ್ರಾದಲ್ಲಿ ವಿಮಾನ ಹತ್ತಿದರೆ ಅದೇ ದಿನ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನಿಂತಿರುತ್ತೇವೆ. ಹಡಗು ತಾನಾಗಿ ಕೊಡುತ್ತಿದ್ದ ಬಿಡುವನ್ನು ಈಗ ನಾವೇ ಮಾಡಿಕೊಳ್ಳಬೇಕಾಗಿದೆ.

ವಿಜ್ಞಾನ ಇದಕ್ಕೆ ಏನೆನ್ನುತ್ತದೆ? ಇಲ್ಲಿ ಸ್ವಲ್ಪ ಎಚ್ಚರದಿಂದ ಹೆಜ್ಜೆ ಇಡಬೇಕು, ಏಕೆಂದರೆ ಸುಲಭದ ಪುರಾವೆಯೊಂದು ಕೈಗೆ ಸಿಕ್ಕಂತೆ ಕಾಣುತ್ತದೆ. ಮನೋವಿಜ್ಞಾನಿ ಡೇನಿಯಲ್ ಕಾನಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನ 14 ಡಿಗ್ರಿಯ ನೀರಿನಲ್ಲಿ ಒಂದು ನಿಮಿಷ ಕೈ ಅದ್ದಿದರು. ಇನ್ನೊಂದು ಸಲ ಅದೇ ಒಂದು ನಿಮಿಷದ ಜತೆಗೆ, ನೀರು ನಿಧಾನವಾಗಿ 15 ಡಿಗ್ರಿಗೆ ಏರುವ ಅರ್ಧ ನಿಮಿಷವೂ ಸೇರಿತ್ತು. ಯಾವುದನ್ನು ಮತ್ತೆ ಮಾಡುತ್ತೀರಿ ಎಂದರೆ ಹೆಚ್ಚಿನವರು ಉದ್ದದ್ದನ್ನೇ ಆರಿಸಿಕೊಂಡರು. ಕೊನೆ ಹಿತವಾಗಿದ್ದರೆ ಇಡೀ ಅನುಭವವೇ ಹಿತವೆನಿಸುತ್ತದೆ ಎಂದು ಇದರಿಂದ ಹೇಳುವವರಿದ್ದಾರೆ. ಆದರೆ 2008ರಲ್ಲಿ ನ್ಯೂಜಿಲೆಂಡಿನ ಸಂಶೋಧಕರು ವಿದ್ಯಾರ್ಥಿಗಳ ರಜೆಯ ನೆನಪುಗಳನ್ನು ಪರೀಕ್ಷಿಸಿದಾಗ, ದಿನಗಟ್ಟಲೆ ನಡೆಯುವ ಪ್ರವಾಸಕ್ಕೆ ಈ ನಿಯಮ ಅಷ್ಟಾಗಿ ಹೊಂದಲಿಲ್ಲ. ಆದ್ದರಿಂದ ಕೊನೆಯ ನಾಲ್ಕು ದಿನ ಸುಖವಾಗಿದ್ದರೆ ಎಲ್ಲ ಸರಿಹೋಯಿತು ಎಂಬ ವಾದವನ್ನು ನಾನು ಹೂಡುವುದಿಲ್ಲ. ನನಗೆ ಹೆಚ್ಚು ಉಪಯುಕ್ತವೆನಿಸುವುದು 2012ರಲ್ಲಿ ಮಿಕಾಯೆಲಾ ಡ್ಯೂಯರ್ ತಂಡ ಮಾಡಿದ ಅಧ್ಯಯನ. ವಯಸ್ಸಾದವರಿಗೆ ಒಂದು ಸಣ್ಣ ಕಥೆ ಹೇಳಿ, ಹತ್ತು ನಿಮಿಷ ಏನೂ ಮಾಡದೆ ಮಂದ ಬೆಳಕಿನಲ್ಲಿ ಕೂರಿಸಿದರು. ಇನ್ನೊಂದು ಕಥೆಯ ನಂತರ ಆಟವೊಂದನ್ನು ಆಡಿಸಿದರು. ಸುಮ್ಮನೆ ಕೂತ ಸಲ ಕೇಳಿದ ಕಥೆ ಏಳು ದಿನದ ಮೇಲೂ ಹೆಚ್ಚು ಚೆನ್ನಾಗಿ ನೆನಪಿತ್ತು. ಹತ್ತು ನಿಮಿಷದ ಪ್ರಯೋಗದಿಂದ ಹತ್ತು ತಿಂಗಳ ಪ್ರಯಾಣಕ್ಕೆ ಜಿಗಿಯುವುದು ದೊಡ್ಡ ಜಿಗಿತವೆಂದು ಒಪ್ಪುತ್ತೇನೆ. ದಿಕ್ಕು ಮಾತ್ರ ಅದೇ. ಹೊಸದನ್ನು ಕಂಡ ಬೆನ್ನಿಗೇ ಇನ್ನೊಂದು ಹೊಸದನ್ನು ತುರುಕಿದರೆ ಮೊದಲಿನದು ನಿಲ್ಲುವುದಿಲ್ಲ. 2010ರಲ್ಲಿ ನೆದರ್ಲೆಂಡ್ಸ್‌ನಲ್ಲಿ 1,530 ಜನರನ್ನು ವಿಚಾರಿಸಿದ ಅಧ್ಯಯನವೊಂದು, ಪ್ರವಾಸ ಹೋಗಿ ಬಂದವರು ಹೋಗದವರಿಗಿಂತ ಆಮೇಲೆ ಹೆಚ್ಚು ಸಂತೋಷದಿಂದೇನೂ ಇರಲಿಲ್ಲವೆಂದು ಕಂಡಿತು, ಒಂದು ಗುಂಪನ್ನು ಬಿಟ್ಟು: ತಮ್ಮ ಪ್ರವಾಸ ತುಂಬ ನಿರಾಳವಾಗಿತ್ತು ಎಂದವರು. ಆ ಸಂತೋಷವೂ ಕೆಲವು ವಾರಕ್ಕೇ ಕರಗಿತು ನಿಜ. ಸ್ವಭಾವತಃ ನಿರಾಳವಾಗಿರುವವರೇ ಹಾಗೆ ಉತ್ತರಿಸಿರಬಹುದು ಎಂಬುದೂ ನಿಜ. ಹಾಗಿದ್ದರೂ, ಓಡಾಟದ ಪ್ರವಾಸ ಆ ಕೆಲವು ವಾರವನ್ನೂ ಕೊಡಲಿಲ್ಲ ಎಂಬುದು ಉಳಿಯುತ್ತದೆ.

ದುಡ್ಡಿನ ಮಾತಿಗೆ ಬರೋಣ. ನಮ್ಮಲ್ಲಿ ನಿವೃತ್ತರಾದ ಮೇಲೆ ಬಹುಮಂದಿ ಹೋಗುವುದು ಪ್ಯಾಕೇಜ್ ಟೂರುಗಳಿಗೆ. ಕಟ್ಟಿದ ಹಣಕ್ಕೆ ಎಷ್ಟು ಜಾಗ ಎಂಬುದೇ ಅಲ್ಲಿನ ಅಳತೆ. ಕೊನೆಯ ದಿನವೂ ಬೆಳಿಗ್ಗೆ ಒಂದು ದೇವಸ್ಥಾನ, ಮಧ್ಯಾಹ್ನ ಶಾಪಿಂಗ್, ರಾತ್ರಿ ರೈಲು. ಒಂದೇ ಊರಿನಲ್ಲಿ ನಾಲ್ಕು ದಿನ ಕೂರಿಸುತ್ತೇವೆ ಎಂದರೆ ಆ ಟೂರಿಗೆ ಜನ ಬರುವುದಿಲ್ಲ ಎಂದು ನಡೆಸುವವರು ಹೆದರುತ್ತಾರೆ, ಅವರ ಹೆದರಿಕೆಗೆ ಕಾರಣವೂ ಇದೆ. ಆದರೆ ಲೆಕ್ಕ ಹಾಕಿ ನೋಡಿದರೆ ಪ್ರವಾಸದಲ್ಲಿ ದುಡ್ಡು ಹೆಚ್ಚು ಹೋಗುವುದು ಓಡಾಟಕ್ಕೆ: ಟಿಕೆಟ್ಟು, ಟ್ಯಾಕ್ಸಿ, ದಿನಕ್ಕೊಂದು ಹೋಟೆಲು. ಒಂದೆಡೆ ವಾರ ನಿಂತವರಿಗೆ ಬಾಡಿಗೆ ಇಳಿಯುತ್ತದೆ, ಟ್ಯಾಕ್ಸಿ ಬೇಕಾಗುವುದಿಲ್ಲ, ಊಟಕ್ಕೆ ಥುಕ್ಪಾ, ಮೊಮೊ ಮಾಡುವ ಸಣ್ಣ ಅಂಗಡಿ ಪರಿಚಯವಾಗಿರುತ್ತದೆ. ಕೊನೆಯ ವಾರದಲ್ಲಿ ಕೈ ಬರಿದಾದವರಿಗೆ ನಿಲ್ಲುವುದೇ ಅಗ್ಗ.

ಇದಕ್ಕಿಂತ ಭಾರವಾದ ಆಕ್ಷೇಪ ಬೆಟ್ಟದೂರುಗಳ ಕಡೆಯಿಂದಲೇ ಬರುತ್ತದೆ. ನಿಮ್ಮ ವಿಶ್ರಾಂತಿಗೆ ನಮ್ಮ ನೀರು ಏಕೆ ಎಂದು ಅವರು ಕೇಳಿದರೆ ಉತ್ತರ ಸುಲಭವಿಲ್ಲ. ಡಾರ್ಜಿಲಿಂಗ್ ಪಟ್ಟಣದಲ್ಲಿ 2011ರ ಗಣತಿಯಂತೆ ಒಂದು ಲಕ್ಷಕ್ಕೂ ಹೆಚ್ಚು ಜನ. ಊರಿಗೆ ನೀರು ಈಗಲೂ ಬಹುಪಾಲು ಬರುವುದು ಬ್ರಿಟಿಷರ ಕಾಲದಲ್ಲಿ, ಎಷ್ಟೋ ಕಡಿಮೆ ಜನಕ್ಕೆಂದು ಕಟ್ಟಿದ ಸಿಂಚಲ್ ಕೆರೆಗಳಿಂದ. ಬೇಸಿಗೆಯಲ್ಲಿ ಮನೆಗಳವರು ಟ್ಯಾಂಕರ್ ನೀರಿಗೆ ದುಡ್ಡು ತೆರುತ್ತಾರೆ. ಶಿಮ್ಲಾದಲ್ಲಿ 2018ರ ಬೇಸಿಗೆಯಲ್ಲಿ ನೀರೇ ಇಲ್ಲವಾಗಿ, ಪ್ರವಾಸಿಗರೇ ಬರಬೇಡಿ ಎಂದು ಊರವರು ಕೇಳಿಕೊಳ್ಳುವಂತಾಯಿತು. ನಮ್ಮ ಪಕ್ಕದ ಊಟಿ, ಕೊಡೈಕನಾಲ್‌ಗಳಿಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿಂದ ಇ–ಪಾಸ್ ಬಂದಿದೆ. ಕೊಡಗು, ಚಿಕ್ಕಮಗಳೂರಿನ ವಾರಾಂತ್ಯದ ಗದ್ದಲ ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಬೆಟ್ಟವನ್ನು ದಣಿಸುವವರಲ್ಲಿ ಮೊದಲಿಗರು ಶನಿವಾರ ಕಾರಿನಲ್ಲಿ ಹತ್ತಿ ಭಾನುವಾರ ಇಳಿಯುವವರು. ಹತ್ತು ದಿನ ನಿಂತು ನಡೆದಾಡುವ ಒಬ್ಬರಿಗೆ ಒಂದೇ ಸಲ ವಾಹನ ಬೇಕು, ದಿನಾ ಹೊಸ ಹಾಸಿಗೆ ಬಟ್ಟೆ ಬೇಡ, ಕೊಡುವ ಹಣವೂ ಊರಿನ ಸಣ್ಣ ಕೈಗಳಿಗೆ ಹೋಗುತ್ತದೆ. ಆದರೂ ಇದನ್ನು ಪೂರ್ತಿ ಸಮರ್ಥನೆ ಎಂದು ನಾನು ಮುಂದಿಡಲಾರೆ. ನೀರಿಲ್ಲದ ತಿಂಗಳಲ್ಲಿ ಯಾರು ಹೋದರೂ ಹೊರೆಯೇ. ಏಪ್ರಿಲ್, ಮೇ ಬಿಟ್ಟು ಮಳೆ ಕಳೆದ ಮೇಲೆ, ಅಕ್ಟೋಬರಿನ ಪೂಜಾ ರಜೆಯ ಗದ್ದಲವೂ ಇಳಿದ ಮೇಲೆ ಹೋಗುವುದು, ದಿಣ್ಣೆಯ ನೆತ್ತಿಯ ದೊಡ್ಡ ಹೋಟೆಲಿನ ಬದಲು ಕರ್ಸಿಯಾಂಗ್, ಕಾಲಿಂಪಾಂಗ್ ಕಡೆಯ ಹೋಂಸ್ಟೇಗಳನ್ನು ಹುಡುಕುವುದು, ಬಕೆಟ್ಟಿನಲ್ಲಿ ಸ್ನಾನ ಮಾಡುವುದು, ಇಷ್ಟನ್ನಾದರೂ ಒಪ್ಪಿಕೊಂಡವರು ಮಾತ್ರ ಈ ನಿಲುಗಡೆಗೆ ಅರ್ಹರು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊನೆಯದಾಗಿ, ಇದೆಲ್ಲ ಉಳ್ಳವರ ಮಾತು ಎನ್ನುವವರಿಗೆ ಉತ್ತರ ಹೇಳಬೇಕು. ಈ ಆಕ್ಷೇಪವನ್ನು ಡಾರ್ಜಿಲಿಂಗಿನ ಇತಿಹಾಸವೇ ಒಂದು ಹೆಸರಿಟ್ಟು ಮುಂದೆ ತರುತ್ತದೆ: ಕಿಂತುಪ್. ಓದು ಬರಹ ಬಾರದ ಸಿಕ್ಕಿಂ ಮೂಲದ ಈ ಮನುಷ್ಯನನ್ನು 1880ರಲ್ಲಿ ಸರ್ವೆ ಇಲಾಖೆ, ಟಿಬೆಟ್ಟಿನ ಸಾಂಗ್ಪೊ ಮತ್ತು ಅಸ್ಸಾಮಿನ ಬ್ರಹ್ಮಪುತ್ರ ಒಂದೇ ನದಿಯೇ ಎಂದು ಪತ್ತೆ ಮಾಡಲು ಒಬ್ಬ ಚೀನೀ ಲಾಮಾನ ಜತೆ ಕಳಿಸಿತು. ಲಾಮಾ ಇವನನ್ನು ಜೀತಕ್ಕೆ ಮಾರಿ ಹೋದ. ಕಿಂತುಪ್ ತಪ್ಪಿಸಿಕೊಂಡು ಒಂದು ಮಠವನ್ನು ಸೇರಿ, ಅಲ್ಲಿ ಊಳಿಗ ಮಾಡುತ್ತಲೇ ಯಾತ್ರೆಯ ನೆಪದಲ್ಲಿ ರಜೆ ಪಡೆದು, ಕೊಟ್ಟ ಮಾತಿನಂತೆ ಗುರುತು ಹಾಕಿದ 500 ಮರದ ತುಂಡುಗಳನ್ನು ದಿನಕ್ಕೆ 50ರಂತೆ ನದಿಗೆ ಬಿಟ್ಟ. ಕೆಳಗೆ ಅವುಗಳಿಗಾಗಿ ಯಾರೂ ಕಾದಿರಲಿಲ್ಲ. ಅವನು ಕಳಿಸಿದ ಕಾಗದ ಮುಟ್ಟಬೇಕಾದವರಿಗೆ ಮುಟ್ಟಿರಲಿಲ್ಲ, ಕೆಲಸ ಒಪ್ಪಿಸಿದ ಅಧಿಕಾರಿ ಹಾರ್ಮನ್ ಅಷ್ಟರಲ್ಲಿ ಭಾರತ ಬಿಟ್ಟಾಗಿತ್ತು. ನಾಲ್ಕು ವರ್ಷದ ಮೇಲೆ ಡಾರ್ಜಿಲಿಂಗಿಗೆ ಬಂದಾಗ ತಾಯಿ ತೀರಿಹೋಗಿದ್ದಳು. ಅವನು ಹೇಳಿದ್ದನ್ನು ಇಲಾಖೆಯವರು ಬರೆದುಕೊಂಡರು, ನಂಬಲಿಲ್ಲ. ಕಿಂತುಪ್ ಅದೇ ಊರಿನಲ್ಲಿ ಬಟ್ಟೆ ಹೊಲಿದು ಬದುಕಿದ. 1913ರಲ್ಲಿ ಬೈಲಿ, ಮಾರ್ಸ್‌ಹೆಡ್ ಎಂಬ ಅಧಿಕಾರಿಗಳು ಆ ಕಣಿವೆಗೆ ಹೋಗಿ ಅವನ ಮಾತು ಬಹುಮಟ್ಟಿಗೆ ನಿಜವೆಂದು ಕಂಡ ಮೇಲೆ, ಬೈಲಿಯ ಒತ್ತಾಯದಿಂದ ಸಾವಿರ ರೂಪಾಯಿ ಸಿಕ್ಕಿತು. ಅದಾಗಿ ಬಹಳ ದಿನ ಅವನು ಬದುಕಲಿಲ್ಲ.

ಅದೇ ಬೆಟ್ಟ, ಅದೇ ಗಾಳಿ. ದಾಸ್ ಅವರಿಗೆ ಅಲ್ಲಿ ಮನೆ, ಸಂಬಳ, ಮೇಜು ಇದ್ದವು. ಅವರ ಪ್ರಯಾಣ ನಿಘಂಟಾಯಿತು. ಕಿಂತುಪ್‌ನ ಪ್ರಯಾಣ ಅವರದಕ್ಕಿಂತ ಕಡಿಮೆಯದೇನೂ ಆಗಿರಲಿಲ್ಲ, ಆದರೆ ಕೂತು ನೆನೆಯಲು ಬಿಡುವಿಲ್ಲದೆ, ಕೂರಿಸಿ ಕೇಳುವವರಿಲ್ಲದೆ, ಮೂವತ್ತು ವರ್ಷ ಒಂದು ವರದಿಯ ಪುಟಗಳಲ್ಲಿ ಉಳಿಯಿತು. ಹಾಗಾದರೆ ವಿಶ್ರಾಂತಿ ಉಳ್ಳವರ ಸೊಗಸು ಎನ್ನುವವರಿಗೆ ಅವನ ಬಾಳು ಸಾಕ್ಷಿ ಹೇಳುವುದಿಲ್ಲ. ವಿಶ್ರಾಂತಿ ಸಿಗದಿದ್ದರೆ ಎಷ್ಟು ದೊಡ್ಡ ಪ್ರಯಾಣವೂ ಹೇಗೆ ವ್ಯರ್ಥವಾಗಬಹುದು ಎಂಬುದಕ್ಕೇ ಹೇಳುತ್ತದೆ. ಈಗಲೂ ಹಿಮಾಲಯದ ಚಾರಣ ಮುಗಿಸಿದ ತಂಡ ಡಾರ್ಜಿಲಿಂಗಿನಲ್ಲೋ ಪೋಖರಾದಲ್ಲೋ ದಣಿವಾರಿಸಿಕೊಳ್ಳುವಾಗ, ಅವರ ಹೊರೆ ಹೊತ್ತವರು, ಅಡುಗೆ ಮಾಡಿದವರು, ಜೀಪು ಓಡಿಸಿದವರು ಮರುದಿನವೇ ಇನ್ನೊಂದು ತಂಡದ ಜತೆ ಹೊರಟಿರುತ್ತಾರೆ. ಅವರಿಗೆ ಕೊನೆಯಲ್ಲಿ ಕೂಲಿ ಸಮೇತ ಎರಡು ದಿನದ ಬಿಡುವು ಸೇರಿಸಿದರೆ ಚಾರಣದ ಒಟ್ಟು ಖರ್ಚಿನಲ್ಲಿ ಅದು ಸಣ್ಣ ಪಾಲು. ನಮ್ಮ ಕನ್ನಡದ ಹುಡುಗರು ಈಗ ದೊಡ್ಡ ಸಂಖ್ಯೆಯಲ್ಲಿ ಈ ದಾರಿಗಳಿಗೆ ಹೋಗುತ್ತಿದ್ದಾರೆ. ಮುಂಗಡ ಕಟ್ಟುವಾಗಲೇ ಆ ಎರಡು ದಿನದ ಮಾತನ್ನು ಏಜೆನ್ಸಿಯವರೊಡನೆ ಆಡಿ, ರಸೀದಿಯಲ್ಲಿ ಬರೆಸಿಕೊಳ್ಳುವುದು ಅವರ ಕೈಯಲ್ಲೇ ಇದೆ.